ಒಡೆದ ಇಟ್ಟಿಗೆ, ಮರದ ಹೊಟ್ಟಿನಿಂದ ಮಣ್ಣಿಗೆ ಉಸಿರು: ರಂಧ್ರವಿರುವ ಸುಟ್ಟ ಜೇಡಿ ಕೆಲಸ ಮಾಡುವುದು ಹೇಗೆ?

ಮುಂಬೈ, ಪುಣೆ ಅಥವಾ ಚೆನ್ನೈನಲ್ಲಿ ಹಳೆಯ ಕಟ್ಟಡವೊಂದನ್ನು ಕೆಡವಿದರೆ ಒಡೆದ ಇಟ್ಟಿಗೆಯ ರಾಶಿ ಲಾರಿ ಏರಿ ಊರಾಚೆಯ ಯಾವುದೋ ತಗ್ಗಿಗೆ ಹೋಗಿ ಬೀಳುತ್ತದೆ. ಅದೇ ಬೀದಿಯ ಐದನೇ ಮಹಡಿಯಲ್ಲಿ ಬಾಲ್ಕನಿ ತೋಟ ಮಾಡಿಕೊಂಡವರು ಕುಂಡದ ಮಣ್ಣು ಗಟ್ಟಿಯಾಯಿತೆಂದು ಆನ್‌ಲೈನ್‌ನಲ್ಲಿ 'ಕ್ಲೇ ಬಾಲ್' ಪ್ಯಾಕೆಟ್ ತರಿಸಿಕೊಳ್ಳುತ್ತಾರೆ. ಎರಡೂ ಸುಟ್ಟ ಜೇಡಿಮಣ್ಣೇ. ಒಂದನ್ನು ಎಸೆಯಲು ಹಣ ಕೊಡುತ್ತೇವೆ, ಇನ್ನೊಂದನ್ನು ತರಿಸಲು ಹಣ ಕೊಡುತ್ತೇವೆ.

ಹಾಗಿದ್ದರೆ ಬೀದಿಯ ಇಟ್ಟಿಗೆಯನ್ನೇ ಕುಟ್ಟಿ ಕುಂಡಕ್ಕೆ ಹಾಕಬಹುದೇ? ಹಾಕಬಹುದು, ಆದರೆ ಎಲ್ಲ ಇಟ್ಟಿಗೆಯನ್ನೂ ಅಲ್ಲ. ಕೆರೆಯ ಹೂಳು, ಮರದ ಹೊಟ್ಟು, ರದ್ದಿ ಕಾಗದ ಸೇರಿಸಿ ಹೊಸದಾಗಿ ರಂಧ್ರವಿರುವ ಸೆರಾಮಿಕ್ ಮಾಡಬಹುದೇ? ಅದೂ ಸಾಧ್ಯ, ಮಾಡುವ ವಿಧಾನ ಕಷ್ಟದ್ದೂ ಅಲ್ಲ. ಆದರೆ ಅದರಲ್ಲಿ ಇರುವ ಲಾಭ ಎಷ್ಟು, ಅಪಾಯ ಎಲ್ಲಿ ಎಂಬುದು ಗೊತ್ತಿಲ್ಲದೆ ಕೈ ಹಾಕಿದರೆ ಮಣ್ಣು ಸುಧಾರಿಸುವ ಬದಲು ಕೆಡುತ್ತದೆ. ಇಂಟರ್ನೆಟ್‌ನಲ್ಲಿ ಓಡಾಡುವ ಸಲಹೆಗಳಲ್ಲಿ ಅರ್ಧಕ್ಕರ್ಧ ಈ ಎರಡನೆಯ ಭಾಗವನ್ನು ಹೇಳುವುದೇ ಇಲ್ಲ.

ಮಡಕೆ ಬೆವರುವುದರಲ್ಲೇ ಇದೆ ಗುಟ್ಟು

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ತಂಪಾಗುವುದು ಎಲ್ಲರಿಗೂ ಗೊತ್ತು. ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಅವುಗಳ ಮೂಲಕ ನೀರು ಹೊರಮೈಗೆ ಬಂದು ಆವಿಯಾಗುತ್ತದೆ, ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಮಣ್ಣಿಗೆ ಸುಟ್ಟ ಜೇಡಿಯ ಚೂರು ಸೇರಿಸಿದಾಗ ಉಪಯೋಗಕ್ಕೆ ಬರುವುದೂ ಇದೇ ರಂಧ್ರಗಳು. ನೀರು ಹಾಕಿದಾಗ ಚೂರು ಹೀರಿಕೊಳ್ಳುತ್ತದೆ, ಸುತ್ತಲ ಮಣ್ಣು ಒಣಗಿದಾಗ ಬಿಟ್ಟುಕೊಡುತ್ತದೆ.

ಆದರೆ ರಂಧ್ರ ಇದ್ದರೆ ಸಾಲದು, ಅದರ ಗಾತ್ರ ಮುಖ್ಯ. ಮಣ್ಣು ವಿಜ್ಞಾನದ ಪ್ರಕಾರ ಸುಮಾರು 30 ಮೈಕ್ರಾನ್‌ಗಿಂತ ಅಗಲವಾದ ರಂಧ್ರದಲ್ಲಿ ನೀರು ನಿಲ್ಲುವುದಿಲ್ಲ. ಗುರುತ್ವಕ್ಕೆ ಸಿಕ್ಕಿ ಕೆಳಗೆ ಇಳಿದುಹೋಗುತ್ತದೆ, ಆ ಜಾಗದಲ್ಲಿ ಗಾಳಿ ತುಂಬುತ್ತದೆ. ಸುಮಾರು 0.2 ಮೈಕ್ರಾನ್‌ಗಿಂತ ಚಿಕ್ಕ ರಂಧ್ರದಲ್ಲಿ ನೀರು ಎಷ್ಟು ಬಿಗಿಯಾಗಿ ಅಂಟಿಕೊಂಡಿರುತ್ತದೆ ಎಂದರೆ, ಹೆಚ್ಚಿನ ಗಿಡಗಳ ಬೇರು ಅದನ್ನು ಎಳೆದುಕೊಳ್ಳಲಾರದು. ಇವೆರಡರ ನಡುವಿನ ಗಾತ್ರದ ರಂಧ್ರಗಳಲ್ಲಿರುವ ನೀರೇ ಗಿಡದ ಪಾಲಿಗೆ ದಕ್ಕುವ ನೀರು. ಮನುಷ್ಯನ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ನೆನಪಿಟ್ಟುಕೊಂಡರೆ ಈ ಅಳತೆ ಅಂದಾಜಿಗೆ ಸಿಗುತ್ತದೆ.

ಇಲ್ಲಿಯೇ ಹಲವರು ಎಡವುತ್ತಾರೆ. ಜೇಡಿಮಣ್ಣಿಗೆ ಮರದ ಹೊಟ್ಟು ಬೆರೆಸಿ ಸುಟ್ಟರೆ ಹೊಟ್ಟು ಉರಿದುಹೋಗಿ ಅದರ ಜಾಗದಲ್ಲಿ ತೂತು ಉಳಿಯುತ್ತದೆ. ಅರ್ಧ ಮಿಲಿಮೀಟರ್ ಹೊಟ್ಟಿನ ಚೂರು ಬಿಟ್ಟುಹೋಗುವ ತೂತು ಸುಮಾರು 500 ಮೈಕ್ರಾನ್. ಅಂದರೆ ಅದು ನೀರು ಹಿಡಿಯುವ ತೂತಲ್ಲ, ಗಾಳಿ ಆಡುವ ತೂತು. ನೀರು ಹಿಡಿಯುವುದು ಜೇಡಿಯ ಸೂಕ್ಷ್ಮ ಕಣಗಳ ನಡುವೆ ಸಹಜವಾಗಿ ಇರುವ ಸಣ್ಣ ರಂಧ್ರಗಳು. ದಪ್ಪ ಹೊಟ್ಟು ಹಾಕಿದಷ್ಟೂ ಸೆರಾಮಿಕ್ ಹಗುರವಾಗುತ್ತದೆ, ನೋಡಲು ಸ್ಪಂಜಿನಂತೆ ಕಾಣುತ್ತದೆ, ಆದರೆ ನೀರಿನ ಲೆಕ್ಕದಲ್ಲಿ ಅಷ್ಟೇನೂ ಗಳಿಕೆ ಇರುವುದಿಲ್ಲ. ನೀರು ಬೇಕಿದ್ದರೆ ಹೊಟ್ಟನ್ನು ನುಣ್ಣಗೆ ಜರಡಿ ಹಿಡಿಯಬೇಕು, ಇಲ್ಲವೇ ನೆನೆಸಿ ಅರೆದ ಕಾಗದದ ತಿರುಳು ಬಳಸಬೇಕು. ಕಾಗದದ ನಾರು ಮರದ ಹೊಟ್ಟಿನ ಚೂರಿಗಿಂತ ಎಷ್ಟೋ ಪಟ್ಟು ತೆಳು.

ಇನ್ನೊಂದು ವಿಷಯ, ರಂಧ್ರಗಳು ಒಂದಕ್ಕೊಂದು ಕೂಡಿಕೊಂಡು ಹೊರಗೆ ತೆರೆದಿರಬೇಕು. ಅಂಗಡಿಯಲ್ಲಿ ಸಿಗುವ ಉಬ್ಬಿದ ಜೇಡಿ ಗುಂಡುಗಳ ಒಳಗೆ ಸಾಕಷ್ಟು ಪೊಳ್ಳು ಇರುತ್ತದೆ, ಆದರೆ ಬಹುಪಾಲು ಮುಚ್ಚಿದ ಗುಳ್ಳೆಗಳು, ಮೇಲೆ ಗಟ್ಟಿ ಸಿಪ್ಪೆ. ಅದಕ್ಕೇ ಅದು ಹಗುರ. ಛಾವಣಿಯ ಮೇಲೆ ಭಾರ ಕಡಿಮೆ ಮಾಡಲು ಚೆನ್ನ, ನೀರು ಸಂಗ್ರಹಕ್ಕೆ ಸಾಧಾರಣ.

ಕೆಟ್ಟ ಇಟ್ಟಿಗೆಯಿಂದ ಹುಟ್ಟಿದ ವಸ್ತು

ಈ ಉಬ್ಬಿದ ಗುಂಡಿನ ಕಥೆಯೂ ಶುರುವಾದದ್ದು ತಿರಸ್ಕೃತ ಇಟ್ಟಿಗೆಯಿಂದಲೇ. ಅಮೆರಿಕದ ಕಾನ್ಸಾಸ್ ಸಿಟಿಯ ಇಟ್ಟಿಗೆ ತಯಾರಕ ಸ್ಟೀಫನ್ ಹೇಡ್ ತನ್ನ ಗೂಡಿನಲ್ಲಿ ಕೆಲವು ಇಟ್ಟಿಗೆಗಳು ಅತಿಯಾದ ಬಿಸಿಗೆ ಉಬ್ಬಿ ಹಾಳಾಗುವುದನ್ನು ಗಮನಿಸಿದ. ಹೊರಮೈ ಮೆತ್ತಗೆ ಕರಗುವ ಹೊತ್ತಿಗೇ ಒಳಗೆ ಅನಿಲ ಬಿಡುಗಡೆಯಾದರೆ ಜೇಡಿ ಪೂರಿಯಂತೆ ಉಬ್ಬುತ್ತದೆ. 1918ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಂಕ್ರೀಟ್ ಹಡಗು ಕಟ್ಟಲೂ ಆ ಹಗುರ ಜಲ್ಲಿ ಬಳಕೆಯಾಯಿತು. ತೋಟಗಾರಿಕೆಗೆ ಬಂದದ್ದು ಆಮೇಲೆ. ಇದನ್ನು ಮಾಡಲು ಸುಮಾರು 1,150ರಿಂದ 1,200 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಉರುಳುವ ಗೂಡು ಬೇಕು. ಮನೆಯಲ್ಲಿ ಮಾಡುವ ಮಾತಲ್ಲ.

ಹೊಟ್ಟು ಸುಟ್ಟು ರಂಧ್ರ ಮಾಡುವ ಇನ್ನೊಂದು ವಿಧಾನ ಮಾತ್ರ ಕುಂಬಾರರ ಕೈಗೆ ಎಟುಕುವಂಥದ್ದು. ಗ್ವಾಟೆಮಾಲಾದಲ್ಲಿ 1981ರಲ್ಲಿ ಫರ್ನಾಂಡೊ ಮಜಾರಿಯೇಗೋಸ್ ರೂಪಿಸಿದ ಮಣ್ಣಿನ ನೀರು ಶೋಧಕ ಇದೇ ತತ್ವದ್ದು. ಜೇಡಿಗೆ ಜರಡಿ ಹಿಡಿದ ಮರದ ಹೊಟ್ಟು ಅಥವಾ ಭತ್ತದ ಹೊಟ್ಟು ಬೆರೆಸಿ, ಅಚ್ಚಿನಲ್ಲಿ ಒತ್ತಿ, ಸುಟ್ಟು ಮಾಡಿದ ಕುಂಡ ಅದು. ಮುಂದೆ ನಿಕರಾಗುವಾ ಮತ್ತಿತರ ದೇಶಗಳ ಹಳ್ಳಿ ಕುಂಬಾರರು ಅದನ್ನು ತಯಾರಿಸಿದರು. ನೀರು ಶೋಧಿಸಲು ರಂಧ್ರದ ಗಾತ್ರ ಕಟ್ಟುನಿಟ್ಟಾಗಿರಬೇಕು. ಮಣ್ಣಿಗೆ ಹಾಕುವ ಚೂರಿಗೆ ಅಷ್ಟು ಕಟ್ಟುನಿಟ್ಟು ಬೇಡ, ಆದ್ದರಿಂದ ಕೆಲಸ ಸುಲಭ.

ಮಾಡುವುದು ಹೇಗೆ?

ಮೊದಲು ಜೇಡಿ. ಹೊಲದ ಮೇಲ್ಮಣ್ಣನ್ನು ಇದಕ್ಕೆ ತೆಗೆಯುವುದು ಶುದ್ಧ ಅವಿವೇಕ. ಮಣ್ಣನ್ನು ಸುಧಾರಿಸಲು ಒಳ್ಳೆಯ ಮಣ್ಣನ್ನೇ ಸುಟ್ಟಂತಾಗುತ್ತದೆ. ಚೀನಾ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಸುಟ್ಟ ಇಟ್ಟಿಗೆ ತಯಾರಾಗುವುದು ಭಾರತದಲ್ಲಿ, ಅದರ ದೊಡ್ಡ ಪಾಲು ಫಲವತ್ತಾದ ಮೇಲ್ಮಣ್ಣಿನಿಂದ. ಇದನ್ನು ತಡೆಯಬೇಕೆಂಬ ಉದ್ದೇಶವೂ ಸೇರಿ ಕೇಂದ್ರ ಸರ್ಕಾರ 1999ರಲ್ಲೇ ಇಟ್ಟಿಗೆಗೆ ಹಾರುಬೂದಿ ಬೆರೆಸುವ ಅಧಿಸೂಚನೆ ಹೊರಡಿಸಿತ್ತು. ಆದ್ದರಿಂದ ಬಳಸಬೇಕಾದದ್ದು ಹೇಗಿದ್ದರೂ ಹೊರಬೀಳುವ ಮಣ್ಣು: ಶುದ್ಧ ಕೆರೆಯ ಹೂಳು, ಅಡಿಪಾಯ ತೋಡುವಾಗ ಆಳದಿಂದ ಬರುವ ಜಿಗುಟು ಮಣ್ಣು, ಕುಂಬಾರರ ಬಳಿ ಒಣಗುವಾಗಲೇ ಬಿರುಕು ಬಿಟ್ಟ ಹಸಿ ಮಡಕೆ. ಹಸಿ ಮಡಕೆಯನ್ನು ನೀರಿನಲ್ಲಿ ನೆನೆಹಾಕಿದರೆ ಮತ್ತೆ ಜೇಡಿಯಾಗುತ್ತದೆ. ಸಿಮೆಂಟ್ ಕಾಡಿನ ನಡುವೆ ಬದುಕುವವರಿಗೆ ಜೇಡಿ ಎಲ್ಲಿಂದ ತರುವುದು ಎಂಬ ಚಿಂತೆ ಬಂದರೆ, ಮುಂಬೈಯ ಧಾರಾವಿಯಲ್ಲೇ ಕುಂಭಾರವಾಡ ಇದೆ. ಸೌರಾಷ್ಟ್ರದಿಂದ ಬಂದು ನೆಲೆಸಿದ ಕುಂಬಾರರು ತಲೆಮಾರುಗಳಿಂದ ಅಲ್ಲಿ ಆವಿಗೆ ಹಾಕುತ್ತಿದ್ದಾರೆ.

ಜೇಡಿಯನ್ನು ಒಣಗಿಸಿ ಪುಡಿ ಮಾಡಿ, ಒಂದು ಮಿಲಿಮೀಟರ್‌ಗಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಇಳಿದ ಹೊಟ್ಟನ್ನು ಅಳತೆಯಲ್ಲಿ ಮೂರನೇ ಒಂದರಷ್ಟು ಬೆರೆಸಿ, ಚಪಾತಿ ಹಿಟ್ಟಿನ ಹದಕ್ಕೆ ಕಲಸಬೇಕು. ಹೊಟ್ಟು ಅರ್ಧಕ್ಕಿಂತ ಹೆಚ್ಚಾದರೆ ಸುಟ್ಟ ಮೇಲೆ ಬೆರಳಲ್ಲೇ ಪುಡಿಯಾಗುತ್ತದೆ. ತೆಳುವಾಗಿ, ಒಂದು ಸೆಂಟಿಮೀಟರ್ ದಪ್ಪದ ಬಿಲ್ಲೆ ತಟ್ಟಿ ನೆರಳಲ್ಲಿ ಪೂರ್ತಿ ಒಣಗಿಸಬೇಕು. ಬಿಲ್ಲೆ ದಪ್ಪವಾದಷ್ಟೂ ಒಳಗಿನ ಹೊಟ್ಟು ಉರಿಯುವುದು ಕಷ್ಟ.

ಸುಡುವಾಗ ಏನಾಗುತ್ತದೆ ಎಂಬುದು ಕುತೂಹಲದ ಸಂಗತಿ. ನೂರು ಡಿಗ್ರಿ ದಾಟುವಾಗ ಉಳಿದಿದ್ದ ತೇವ ಆವಿಯಾಗುತ್ತದೆ. ಅವಸರ ಮಾಡಿದರೆ ಬಿಲ್ಲೆ ಪಟಾಕಿಯಂತೆ ಸಿಡಿಯುತ್ತದೆ. ಸುಮಾರು 250ರಿಂದ 500 ಡಿಗ್ರಿಯ ನಡುವೆ ಹೊಟ್ಟು, ಕಾಗದ ಉರಿಯುತ್ತವೆ. ಈ ಹಂತದಲ್ಲಿ ಗಾಳಿ ಚೆನ್ನಾಗಿ ಆಡಬೇಕು, ಇಲ್ಲದಿದ್ದರೆ ಚೂರು ಮುರಿದಾಗ ಒಳಗೆ ಕಪ್ಪು ತಿರುಳು ಕಾಣುತ್ತದೆ. ಅದು ಉರಿಯದೆ ಉಳಿದ ಇಂಗಾಲ, ಮಣ್ಣಿಗೇನೂ ಹಾನಿಯಿಲ್ಲ, ಆದರೆ ಆ ರಂಧ್ರ ಪೂರ್ತಿ ತೆರೆದಿಲ್ಲ ಎಂದರ್ಥ. 450ರಿಂದ 600 ಡಿಗ್ರಿಯ ನಡುವೆ ಜೇಡಿಯ ಹರಳಿನೊಳಗೇ ಬಂಧಿಯಾಗಿದ್ದ ನೀರಿನಂಶ ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಹಿಂದಿರುಗಿ ಕೆಸರಾಗುವ ಮಣ್ಣಲ್ಲ. 750ರಿಂದ 900 ಡಿಗ್ರಿಯಲ್ಲಿ ಕಣಗಳ ಅಂಚುಗಳು ಬೆಸೆದುಕೊಂಡು ಗಟ್ಟಿತನ ಬರುತ್ತದೆ. ಸಾಮಾನ್ಯ ಕೆಂಪು ಜೇಡಿಗೆ ಸಾವಿರ ಡಿಗ್ರಿ ಮೀರಿದರೆ ಕರಗಿ ಗಾಜಿನಂತಾಗುತ್ತಾ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಪಾತ್ರೆಗೆ ಒಳ್ಳೆಯದು ಮಣ್ಣಿಗೆ ಒಳ್ಳೆಯದಲ್ಲ. ಹಳೆಯ ಕಾಲದ ಸಾದಾ ಆವಿಗೆಯ ಬಿಸಿಯೇ ಇಲ್ಲಿ ಸಾಕು.

ಕಾಗದದ ವಿಷಯದಲ್ಲಿ ಒಂದು ಎಚ್ಚರ. ಹೊಳೆಯುವ ಮ್ಯಾಗಜಿನ್ ಕಾಗದ, ಬಿಳಿ ಪ್ರಿಂಟಿಂಗ್ ಕಾಗದದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಪುಡಿ ಸೇರಿರುತ್ತದೆ. ಸುಮಾರು 800 ಡಿಗ್ರಿಯ ಆಸುಪಾಸಿನಲ್ಲಿ ಅದು ಸುಟ್ಟ ಸುಣ್ಣವಾಗುತ್ತದೆ. ತಣ್ಣಗಾದ ಮೇಲೆ ತೇವ ತಗುಲಿದಾಗ ಆ ಸುಣ್ಣ ಅರಳಿ ಚೂರನ್ನು ಒಡೆಯುತ್ತದೆ, ಮಣ್ಣಿನ ಕ್ಷಾರವನ್ನೂ ಹೆಚ್ಚಿಸುತ್ತದೆ. ಸಾದಾ ನ್ಯೂಸ್‌ಪ್ರಿಂಟ್ ಇದಕ್ಕಿಂತ ವಾಸಿ. ಭತ್ತದ ಹೊಟ್ಟು ಉರಿದ ಮೇಲೆ ಅದರ ತೂಕದ ಐದನೇ ಒಂದರಷ್ಟು ಬೂದಿ ಉಳಿಯುತ್ತದೆ, ಬಹುಪಾಲು ಸಿಲಿಕಾ. ಅದು ರಂಧ್ರದೊಳಗೇ ಕೂರುತ್ತದೆ, ತೊಂದರೆಯಿಲ್ಲ.

ತಣ್ಣಗಾದ ಬಿಲ್ಲೆಗಳನ್ನು ಕುಟ್ಟಿ, ಜರಡಿ ಹಿಡಿದು, 2ರಿಂದ 8 ಮಿಲಿಮೀಟರ್ ಚೂರುಗಳನ್ನು ಮಾತ್ರ ಇಟ್ಟುಕೊಳ್ಳಬೇಕು. ಒಂದು ಚೂರನ್ನು ರಾತ್ರಿಯಿಡೀ ನೀರಿನಲ್ಲಿ ಇಟ್ಟು ನೋಡಿ. ಬೆಳಿಗ್ಗೆ ಕೆಸರಾಗಿದ್ದರೆ ಸುಟ್ಟದ್ದು ಸಾಲದು.

ಬೆಂಕಿಯ ಬೆಲೆ ಮೊದಲೇ ಕೊಟ್ಟಾಗಿದೆ

ಇಷ್ಟೆಲ್ಲ ಹೇಳಿದ ಮೇಲೂ ಪ್ರಶ್ನೆ ಉಳಿಯುತ್ತದೆ. ಹೊಸದಾಗಿ ಸುಡಬೇಕೇ? ದೊಡ್ಡ ಇಟ್ಟಿಗೆ ಗೂಡಿನಲ್ಲೇ ಒಂದು ಕಿಲೋ ಇಟ್ಟಿಗೆ ಸುಡಲು ಒಂದು ಮೆಗಾಜೂಲ್‌ಗಿಂತ ಹೆಚ್ಚು ಶಕ್ತಿ ಬೇಕು. ಸಣ್ಣ ಆವಿಗೆಯಲ್ಲಿ, ಡ್ರಮ್ಮಿನಲ್ಲಿ ಸುಟ್ಟರೆ ಶಾಖ ಪೋಲಾಗಿ ಖರ್ಚು ಕೆಲವು ಪಟ್ಟು ಹೆಚ್ಚುತ್ತದೆ. ಹೊಗೆ ಬೇರೆ. ಕುಂಭಾರವಾಡದ ಆವಿಗೆಗಳಿಗೆ ಹತ್ತಿಯ ಚಿಂದಿ, ಮರದ ತುಂಡು ಉರುವಲು. ಅಲ್ಲಿನ ಹೊಗೆ ಅಲ್ಲೇ ವಾಸಿಸುವವರ ಎದೆಗೆ ಹೋಗುತ್ತದೆ. ಎಲ್ಲೋ ಕುಂಡದಲ್ಲಿ ತುಳಸಿ ಚೆನ್ನಾಗಿ ಬೆಳೆಯಲೆಂದು ಇನ್ನೊಬ್ಬರು ಹೊಗೆ ಕುಡಿಯುವುದು ಯಾವ ಹಸಿರು?

ಕಟ್ಟಡದಿಂದ ಬಿದ್ದ ಇಟ್ಟಿಗೆ, ಹಳೆ ಮನೆಯ ಹೆಂಚು, ಒಡೆದ ಮಡಕೆ, ಸೀಳಿದ ಮಣ್ಣಿನ ಕುಂಡ ಇವನ್ನೆಲ್ಲ ಒಮ್ಮೆ ಸುಟ್ಟಾಗಿದೆ. ಕುಟ್ಟುವ ಶ್ರಮವೊಂದೇ ಬಾಕಿ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ 20ರವರೆಗೂ ನೀರು ಹೀರಬಹುದು. ಕಟ್ಟಡದವರಿಗೆ ಇದು ಮೀರಬಾರದ ಮಿತಿ. ತೋಟದವರಿಗೆ ಇದೇ ಗುಣ. ಹೊಟ್ಟು ಬೆರೆಸಿ ಹೊಸದಾಗಿ ಮಾಡಿದ ಚೂರು ಇದಕ್ಕಿಂತ ಹೆಚ್ಚು ಹೀರುತ್ತದೆ ನಿಜ, ಆದರೆ ಆ ಹೆಚ್ಚಳದಲ್ಲಿ ಗಿಡಕ್ಕೆ ದಕ್ಕುವ ಪಾಲು ಎಷ್ಟೆಂದು ಮೇಲೆ ನೋಡಿದೆವು. ನಗರದ ಕುಂಡಗಳಿಗೆ ಹಳೆಯ ಇಟ್ಟಿಗೆಯನ್ನು ಮೀರಿಸುವ ಹೊಸ ಸೆರಾಮಿಕ್ ಸಿಗುವುದು ಅಪರೂಪ. ಹೇಗಿದ್ದರೂ ಉರಿಯುವ ಆವಿಗೆಯಲ್ಲಿ ಮಡಕೆಗಳ ನಡುವಿನ ಖಾಲಿ ಜಾಗಕ್ಕೆ ಬಿಲ್ಲೆ ತುಂಬುವಂತಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ.

ಇದೇನೂ ಹೊಸ ಆಲೋಚನೆಯಲ್ಲ. ಬೋನ್ಸಾಯ್ ಬೆಳೆಸುವವರು ಜಪಾನಿನ ಅಕಡಾಮಾ ಮಣ್ಣಿನ ಬದಲಿಗೆ ಇಲ್ಲಿ ಇಟ್ಟಿಗೆ ಚೂರನ್ನೇ ಬಳಸುತ್ತಾರೆ. ಆರ್ಕಿಡ್ ಗಿಡಕ್ಕೆ ಇದ್ದಿಲು ಮತ್ತು ಇಟ್ಟಿಗೆ ತುಂಡು ಹಾಕುವುದು ಎಲ್ಲ ನರ್ಸರಿಯವರಿಗೂ ಗೊತ್ತು. ಜರ್ಮನಿಯಲ್ಲಿ ಛಾವಣಿಯ ಮೇಲೆ ಗಿಡ ಬೆಳೆಸುವ ಮಿಶ್ರಣದಲ್ಲಿ ಒಡೆದ ಹೆಂಚು, ಇಟ್ಟಿಗೆಯ ಚೂರು ದಶಕಗಳಿಂದ ಮುಖ್ಯ ಘಟಕ.

ಹೆಂಚು ಅಂದಾಗ ಕರಾವಳಿಯವರಿಗೆ ಬೇರೆಯೇ ನೆನಪು ಬರುತ್ತದೆ. ಬಾಸೆಲ್ ಮಿಷನ್‌ನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಆ ಕೆಂಪು ಹೆಂಚು ಮುಂಬೈವರೆಗೂ, ಅದಕ್ಕೂ ಆಚೆಗೂ ಹೋಯಿತು. ಈಗ ತಾರಸಿ ಮನೆಗಳು ಬಂದು ಆ ಛಾವಣಿಗಳು ಇಳಿಯುತ್ತಿವೆ. ಮಣ್ಣಿನ ದೃಷ್ಟಿಯಿಂದ ಈ ಹೆಂಚಿಗೆ ಇಟ್ಟಿಗೆಗಿಲ್ಲದ ಒಂದು ಅನುಕೂಲವಿದೆ. ಹೆಂಚುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮರದ ರೀಪಿನ ಮೇಲೆ ಕೂರಿಸಿರುತ್ತಾರೆ, ಕೋಡು ಬಿಟ್ಟರೆ ಗಾರೆ ಹಚ್ಚಿರುವುದಿಲ್ಲ. ಹಾಗಾಗಿ ಚೂರು ಶುದ್ಧ. ಒತ್ತಿ ಮಾಡಿದ ಹೆಂಚು ಇಟ್ಟಿಗೆಗಿಂತ ಬಿಗಿಯಾಗಿರುವುದರಿಂದ ಹೀರುವ ನೀರು ಸ್ವಲ್ಪ ಕಡಿಮೆಯಾಗಬಹುದು. ಪೇಂಟ್ ಬಳಿದ ಹೆಂಚನ್ನು ಮಾತ್ರ ಬಿಟ್ಟುಬಿಡಿ.

ಗಾರೆ ಏಕೆ ಶತ್ರು?

ಕನ್ನಡಿಗರಿಗೆ ಇದನ್ನು ವಿವರಿಸಲು ಕೃಷ್ಣರಾಜಸಾಗರವೇ ಸಾಕು. ಆ ಅಣೆಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುರ್ಕಿ ಎಂದರೆ ಬೇರೇನಲ್ಲ, ಸುಟ್ಟ ಇಟ್ಟಿಗೆಯ ನುಣ್ಣನೆ ಪುಡಿ. ಅದು ಸುಣ್ಣದ ಜೊತೆ, ನೀರಿನಲ್ಲಿ ನಿಧಾನವಾಗಿ ವರ್ತಿಸಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಾವೇರಿಯನ್ನು ಸುಮಾರು ನೂರು ವರ್ಷದಿಂದ ಹಿಡಿದು ನಿಲ್ಲಿಸಿರುವ ಗುಣ ಅದು.

ಅದೇ ಗುಣ ಕುಂಡದಲ್ಲಿ ಬೇಡ. ಕೆಡವಿದ ಕಟ್ಟಡದ ಇಟ್ಟಿಗೆಯನ್ನು ಗಾರೆ ಸಮೇತ ಕುಟ್ಟಿ, ಪುಡಿಯನ್ನೂ ಜರಡಿ ಹಿಡಿಯದೆ ಮಣ್ಣಿಗೆ ಸುರಿದರೆ ಇಟ್ಟಿಗೆ ಪುಡಿ, ಸುಣ್ಣ ಅಥವಾ ಸಿಮೆಂಟ್, ದಿನವೂ ನೀರು ಮೂರೂ ಕೂಡಿದಂತಾಯಿತು. ಕುಂಡ ಅಣೆಕಟ್ಟೆಯಾಗದಿದ್ದರೂ ಮಣ್ಣು ಬಿಗಿಯುತ್ತದೆ, ಕ್ಷಾರ ಏರುತ್ತದೆ. ಪಿಎಚ್ 8 ದಾಟಿದರೆ ಗಿಡಕ್ಕೆ ಕಬ್ಬಿಣ, ಸತು ಸಿಗುವುದು ಕಡಿಮೆಯಾಗಿ ಎಳೆಯ ಎಲೆಗಳು ಹಳದಿಯಾಗುತ್ತವೆ. ದಾಸವಾಳ, ಗುಲಾಬಿ, ನಿಂಬೆ ಗಿಡಗಳಲ್ಲಿ ಇದು ಬೇಗ ಕಾಣಿಸುತ್ತದೆ. ಜನ ಗೊಬ್ಬರ ಸಾಲದೆಂದು ಇನ್ನಷ್ಟು ಸುರಿಯುತ್ತಾರೆ.

2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ದೊಡ್ಡ ಯೋಜನೆಗಳ ತ್ಯಾಜ್ಯವನ್ನು ಬೇರ್ಪಡಿಸಬೇಕು ಎಂದವು. ಕಾಂಕ್ರೀಟ್ ಒಂದು ಗುಂಪು, ಮಣ್ಣು ಒಂದು, ಉಕ್ಕು-ಮರ-ಪ್ಲಾಸ್ಟಿಕ್ ಒಂದು, ಇಟ್ಟಿಗೆ ಮತ್ತು ಗಾರೆ ಇನ್ನೊಂದು. ರಸ್ತೆ, ಪೇವರ್ ಬ್ಲಾಕ್ ಮಾಡುವವರಿಗೆ ಇದು ಸರಿ. ದಿಲ್ಲಿಯ ಬುರಾರಿಯಲ್ಲಿ 2009ರಲ್ಲಿ ಆರಂಭವಾದ ಮರುಬಳಕೆ ಘಟಕದಂಥ ಕಡೆ ಹೊರಬರುವುದು ಜಲ್ಲಿ, ಮರಳು, ಬ್ಲಾಕ್‌ಗಳು. ಮಣ್ಣಿಗೆ ಹಾಕಬೇಕಾದವರಿಗೆ ಮಾತ್ರ ಇಟ್ಟಿಗೆಯನ್ನು ಗಾರೆಯಿಂದ ಬೇರೆ ಮಾಡಬೇಕಾದ ಕೆಲಸ ಉಳಿದೇ ಇರುತ್ತದೆ.

ಮನೆಯ ಮಟ್ಟಿಗೆ ಪರೀಕ್ಷೆ ಸುಲಭ. ಚೂರಿನ ಮೇಲೆ ವಿನೆಗರ್ ಇಲ್ಲವೇ ನಿಂಬೆರಸ ಹನಿಸಿ. ನೊರೆ ಬಂದರೆ ಸುಣ್ಣ ಅಥವಾ ಸಿಮೆಂಟ್ ಅಂಟಿದೆ. ಒಂದು ಹಿಡಿ ಚೂರನ್ನು ದಿನವಿಡೀ ನೀರಿನಲ್ಲಿ ನೆನೆಸಿ, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪಿಎಚ್ ಪಟ್ಟಿ ಅದ್ದಿ ನೋಡಿ. ಹೀರುವ ಶಕ್ತಿ ತಿಳಿಯಲು ಅಡುಗೆಮನೆಯ ತಕ್ಕಡಿ ಸಾಕು: ಒಣಗಿದ ಒಂದು ಕಿಲೋ ಚೂರು 24 ಗಂಟೆ ನೆನೆದು, ಮೇಲಿನ ನೀರು ಒರೆಸಿದ ಮೇಲೆ 1,180 ಗ್ರಾಂ ತೂಗಿದರೆ ಶೇ 18. ಕಪ್ಪಾಗಿ ಗಾಜುಗಟ್ಟಿದ, ಬಡಿದರೆ ಕಂಚಿನಂತೆ ಸದ್ದು ಮಾಡುವ ಅತಿ ಸುಟ್ಟ ಇಟ್ಟಿಗೆ ಹೆಚ್ಚು ಹೀರುವುದಿಲ್ಲ. ಉಗುರಲ್ಲಿ ಗೀರು ಬೀಳುವ ಅರೆಬೆಂದ ಇಟ್ಟಿಗೆ ಒಂದು ಮಳೆಗಾಲಕ್ಕೆ ಕರಗುತ್ತದೆ.

ಎಲ್ಲ ಕಸವನ್ನೂ ಬೆಂಕಿ ಶುದ್ಧ ಮಾಡುವುದಿಲ್ಲ

ಸುಟ್ಟರೆ ವಿಷವೆಲ್ಲ ಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಅಪಾಯಕಾರಿ. ಸಾವಯವ ಕೊಳೆ, ರೋಗಾಣು ಸುಟ್ಟುಹೋಗುತ್ತವೆ. ಲೋಹಗಳು ಹೋಗುವುದಿಲ್ಲ. ಸೀಸ, ಕ್ಯಾಡ್ಮಿಯಂನ ಒಂದಷ್ಟು ಪಾಲು ಹೊಗೆಯಲ್ಲಿ ಹೊರಟು ಸುಡುವವನ ಮೂಗಿಗೆ ಹೋಗುತ್ತದೆ, ಉಳಿದದ್ದು ಚೂರಿನಲ್ಲೇ. ಕ್ರೋಮಿಯಂ ಇನ್ನೂ ಕೆಟ್ಟದ್ದು. ಚರ್ಮ ಹದ ಮಾಡುವ ಕಾರ್ಖಾನೆಯ ಕೆಸರಿನಲ್ಲಿರುವ ಕ್ರೋಮಿಯಂ ಅಷ್ಟಾಗಿ ಕರಗದ ರೂಪದಲ್ಲಿರುತ್ತದೆ. ಸುಣ್ಣದ ಅಂಶವಿದ್ದು, ಗಾಳಿಯಲ್ಲಿ ಸುಟ್ಟಾಗ ಅದರ ಒಂದು ಭಾಗ ನೀರಿನಲ್ಲಿ ಕರಗುವ, ಕ್ಯಾನ್ಸರ್‌ಕಾರಕ ಹೆಕ್ಸಾವೇಲೆಂಟ್ ರೂಪಕ್ಕೆ ತಿರುಗಬಲ್ಲದು. ಅಂಥ ಕೆಸರನ್ನು ಗೋಡೆಯ ಇಟ್ಟಿಗೆಯಲ್ಲಿ ಬಂಧಿಸುವುದೇ ಚರ್ಚೆಯ ವಿಷಯ, ಸೊಪ್ಪು ಬೆಳೆಯುವ ಮಣ್ಣಿಗೆ ಚೂರು ಮಾಡಿ ಹಾಕುವುದಂತೂ ಬೇಡವೇ ಬೇಡ. ಕಾರ್ಖಾನೆ ನೀರು ಸೇರುವ ಕೆರೆಯ ಹೂಳು, ಬಣ್ಣದ ಕಾರ್ಖಾನೆಯ ಕೆಸರು, ಪೇಂಟ್ ಹಚ್ಚಿದ ಹಲಗೆಯ ಹೊಟ್ಟು, ಪ್ಲೈವುಡ್ ಪುಡಿ ಇವೆಲ್ಲ ಇದೇ ಪಟ್ಟಿಗೆ ಸೇರುತ್ತವೆ. ಹಳೆಯ ಕಟ್ಟಡದ ರಾಶಿಯಲ್ಲಿ ಬೂದುಬಣ್ಣದ ಸಿಮೆಂಟ್ ಶೀಟಿನ ತುಂಡು ಕಂಡರೆ ಅದರಲ್ಲಿ ಕಲ್ನಾರು ಇರಬಹುದು. ಆ ರಾಶಿಯನ್ನು ಮುಟ್ಟದಿರುವುದೇ ಲೇಸು.

ಶುದ್ಧ ಇಟ್ಟಿಗೆ ಕುಟ್ಟುವಾಗಲೂ ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಕುಟ್ಟಬೇಕು. ಆ ಧೂಳಿನಲ್ಲಿ ಸಿಲಿಕಾ ಇದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ.

ಎಷ್ಟು ಹಾಕಬೇಕು, ಎಲ್ಲಿ ಹಾಕಬಾರದು?

20 ಲೀಟರ್ ಕುಂಡಕ್ಕೆ ನಾಲ್ಕು ಲೀಟರ್ ಚೂರು, ಅಂದರೆ ಐದನೇ ಒಂದು ಪಾಲು, ಸಾಕು. ಇಟ್ಟಿಗೆ ಚೂರು ಲೀಟರಿಗೆ ಸುಮಾರು ಒಂದು ಕಿಲೋ ತೂಗುತ್ತದೆ. ಶೇ 15ರಿಂದ 20 ಹೀರಿದರೆ ನಾಲ್ಕು ಕಿಲೋ ಚೂರಿನಲ್ಲಿ 600ರಿಂದ 800 ಮಿಲಿಲೀಟರ್ ನೀರು ನಿಲ್ಲುತ್ತದೆ. ಅದೆಲ್ಲವೂ ಬೇರಿಗೆ ಸಿಗುವುದಿಲ್ಲ. ಬೇಸಿಗೆಯಲ್ಲಿ ಒಂದು ದಿನ ನೀರು ಹಾಕದಿದ್ದರೆ ಗಿಡ ತಡೆದುಕೊಂಡೀತು, ವಾರದ ಮಟ್ಟಿಗೆ ಊರಿಗೆ ಹೋಗಿ ಬರುವಷ್ಟು ಭರವಸೆ ಬೇಡ. ನಿಜವಾದ ಲಾಭ ಮಣ್ಣು ಕುಸಿಯದಿರುವುದು. ತೆಂಗಿನ ನಾರಿನ ಪುಡಿ ಎರಡು-ಮೂರು ವರ್ಷದಲ್ಲಿ ಕೊಳೆತು ಇಳಿದುಹೋಗುತ್ತದೆ. ಸುಟ್ಟ ಜೇಡಿ ಹಾಗೇ ಇರುತ್ತದೆ, ಬೇರಿಗೆ ಗಾಳಿಯ ದಾರಿ ಮುಚ್ಚುವುದಿಲ್ಲ.

ಕುಂಡದ ತಳಕ್ಕೆ ಮಡಕೆ ಚೂರಿನ ಪದರ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ಹಳೆಯ ರೂಢಿಯನ್ನು ಇಲ್ಲಿ ಒಮ್ಮೆ ಪ್ರಶ್ನಿಸಬೇಕು. ಸಣ್ಣ ಕಣದ ಮಣ್ಣಿನಿಂದ ದೊಡ್ಡ ಸಂದಿನ ಪದರಕ್ಕೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ಕುಡಿದು ತೊಟ್ಟಿಕ್ಕುವವರೆಗೂ ಆ ಗಡಿಯಲ್ಲೇ ನಿಲ್ಲುತ್ತದೆ. ಹಾಗಾಗಿ ಕೆಸರಿನ ಪದರ ಇನ್ನಷ್ಟು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ. ತೂತು ಮುಚ್ಚದಂತೆ ಒಂದೇ ಒಂದು ಬೋಕಿ ಇಟ್ಟರೆ ತಪ್ಪಿಲ್ಲ. ಉಳಿದ ಚೂರನ್ನು ಮಣ್ಣಿನ ತುಂಬ ಬೆರೆಸಬೇಕು.

ಗೊಬ್ಬರದ ಜಾಗವನ್ನು ಇದು ತುಂಬುವುದಿಲ್ಲ. ಹಸಿ ಜೇಡಿಗೆ ಪೋಷಕಾಂಶ ಹಿಡಿದಿಡುವ ಶಕ್ತಿ ಇರುತ್ತದೆ, ಸುಟ್ಟಾಗ ಅದರ ಬಹುಪಾಲು ಹೋಗುತ್ತದೆ. ಅಮೆಜಾನ್ ಕಾಡಿನ ಪ್ರಸಿದ್ಧ ಕಪ್ಪು ಮಣ್ಣಿನಲ್ಲಿ ಮಡಕೆ ಚೂರು ಹೇರಳವಾಗಿ ಸಿಗುತ್ತದೆಂದು ಅದನ್ನೇ ರಹಸ್ಯ ಎನ್ನುವವರಿದ್ದಾರೆ. ಅಲ್ಲಿ ಮುಖ್ಯ ಕೆಲಸ ಮಾಡಿದ್ದು ಇದ್ದಿಲು, ಮೂಳೆ, ಅಡುಗೆಮನೆಯ ಕಸ. ಕುಂಡದಲ್ಲೂ ಚೂರಿಗೆ ಸಮನಾಗಿಯಾದರೂ ಕಾಂಪೋಸ್ಟ್ ಇರಬೇಕು.

ಹೊಲಕ್ಕೆ ಇದು ಸಲ್ಲದು. ಲೆಕ್ಕ ಹಾಕಿ ನೋಡಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 600 ಘನ ಮೀಟರ್. ಅದರ ಹತ್ತನೇ ಒಂದು ಪಾಲು ಚೂರು ಬೇಕೆಂದರೆ 60 ಘನ ಮೀಟರ್, ಹತ್ತಿರಹತ್ತಿರ 60 ಟನ್. ಹತ್ತು ಟನ್ನಿನ ಆರು ಲಾರಿ. ಬಿಜಾಪುರದ ಎರೆ ಹೊಲವಿರಲಿ, ಪುಣೆಯ ಕಪ್ಪು ಭೂಮಿಯಿರಲಿ, ಆ ಹಣಕ್ಕೆ ಕೊಟ್ಟಿಗೆ ಗೊಬ್ಬರ ಮತ್ತು ಹಸಿರೆಲೆ ಗೊಬ್ಬರ ಎಷ್ಟೋ ಮೇಲು. ಮರಳು ಮಣ್ಣಿಗೂ ಅಷ್ಟೇ, ಅಲ್ಲಿ ಗಾಳಿಗೆ ಕೊರತೆಯಿಲ್ಲ. ಇದು ಹೊಂದುವುದು ಕುಂಡ, ತಾರಸಿ ತೋಟ, ಮತ್ತು ಕಾಲ್ತುಳಿತದಿಂದ ಕಲ್ಲಾದ ರಸ್ತೆಬದಿಯ ಮರದ ಗುಂಡಿಗೆ. ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿಗೆ 150 ಲೀಟರ್ ಚೂರು ಬೆರೆಸಿದರೆ ಮಣ್ಣು ಮತ್ತೆ ಬಿಗಿಯಾಗುವುದು ನಿಧಾನವಾಗುತ್ತದೆ. ತಾರಸಿಯಲ್ಲಿ ಭಾರದ ಲೆಕ್ಕ ಮರೆಯಬಾರದು. ಹಳೆಯ ಸ್ಲ್ಯಾಬ್ ಆಗಿದ್ದರೆ ಇಂಜಿನಿಯರ್ ಕೇಳಿಯೇ ಮುಂದುವರಿಯಿರಿ, ಬೇಕಿದ್ದರೆ ಅಲ್ಲಿ ಹಗುರವಾದ ಉಬ್ಬಿದ ಗುಂಡನ್ನೇ ಬಳಸಿ.

ಚೆನ್ನೈ, ಹೈದರಾಬಾದ್‌ನಂಥ ಕಡೆ ಬೋರ್‌ವೆಲ್ ನೀರು ಗಡಸು. ಚೂರು ಆ ನೀರನ್ನು ಹೀರಿ ಮೇಲಕ್ಕೆ ತಂದು ಒಣಗಿದಾಗ ಲವಣ ಅಲ್ಲೇ ಉಳಿಯುತ್ತದೆ. ಕೆಲವು ತಿಂಗಳಲ್ಲಿ ಕೆಂಪು ಚೂರಿನ ಮೇಲೆ ಬಿಳಿ ಪದರ ಕಾಣುವುದು ಇದರಿಂದಲೇ. ಮಳೆ ನೀರು ಸಿಕ್ಕಾಗ ಕುಂಡದ ತಳದಿಂದ ಹರಿದುಹೋಗುವಷ್ಟು ಧಾರಾಳವಾಗಿ ಹಾಯಿಸಿದರೆ ಲವಣ ತೊಳೆದುಹೋಗುತ್ತದೆ. ಗಿಡ ಬದಲಿಸುವಾಗ ಹಳೆಯ ಚೂರನ್ನು ಜರಡಿಯಲ್ಲಿ ಬೇರ್ಪಡಿಸಿ, ಎರಡು ದಿನ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬಹುದು. ಕುಟ್ಟುವಾಗ ಉಳಿದ ಕೆಂಪು ಪುಡಿಯನ್ನು ಎಸೆಯಬೇಕಿಲ್ಲ. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಆ ಪುಡಿ ಬೆರೆಸಿ ಕಲಸಿದರೆ, ತೋಟದ ಕಟ್ಟೆಯ ಸಂದು ತುಂಬಲು ಬೇಕಾದ ಸುರ್ಕಿ ಗಾರೆ ಸಿದ್ಧ.